ಪಟ್ಟದರಸಿಯ ಕಾಫಿ ಕಾಸು

ಮಾರ್ಚ್ ೩

ಇವತ್ತಿನಿಂದ ಬರೆಯುತ್ತೇನೆ. ಬರೆಯದಿದ್ದರೆ ಯಾರಿಗಾದರೂ ಕಪಾಳಕ್ಕೆ ಬಾರಿಸಿಬಿಡುತ್ತೇನೆ. ನೀರಿನ ಬಿಲ್ಲಿನ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಮೇಲೆ ರೇಗಿ ಅಭ್ಯಾಸವಾದವಳಿಗೆ, ಆಸ್ಪತ್ರೆಯಲ್ಲಿ ಮಾತ್ರ ಬಾಯಿ ಹೊಲಿದುಕೊಂಡಿರು ಎಂದರೆ ಹೇಗೆ?

ಅಪ್ಪನಿಗೆ ಪಾರ್ಶ್ವವಾಯು ಬಡಿದು ವಾರವಾಯಿತು. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತಿಲ್ಲ. ಬುದ್ಧಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅದನ್ನು ಅವರು ಹೇಳಬೇಕಾಗಿಲ್ಲ, ಅಪ್ಪನ ಕಣ್ಣು ನೋಡಿದರೆ ಸಾಕು, ವಾರ್ಡಿನಲ್ಲಿ ಹಾರುವ ನೊಣವನ್ನೂ ಬಿಡುವುದಿಲ್ಲ. ಕಾಲು ನಿಧಾನವಾಗಿ ಬರಬಹುದಂತೆ. ಕೈ ಮಾತ್ರ ಬರುವುದಾದರೆ ಈ ತಿಂಗಳಲ್ಲೇ ಬರಬೇಕು, ಆಮೇಲೆ ಕಷ್ಟ. ದಿನಕ್ಕೆ ಮೂರು ಹೊತ್ತು ಆ ಕೈಯನ್ನು ಮಡಿಸಿ, ಬಿಡಿಸಿ, ಎತ್ತಿ ಆಡಿಸಬೇಕು. ನಾನು ಮಾಡುತ್ತೇನೆ ಎಂದೆ. ವ್ಯಾಯಾಮ ಹೇಳಿಕೊಡಲು ಬರುವ ಹುಡುಗನೊಬ್ಬನಿದ್ದಾನೆ, ಸೀಟಿ ಒಂದಿಲ್ಲ, ಉಳಿದಂತೆ ಥೇಟು ಡ್ರಿಲ್ ಮೇಷ್ಟ್ರು. ಅವನು, “ಬೇಡ ಮೇಡಂ, ಹಿಡಿಯೋದು ಗೊತ್ತಿಲ್ದೆ ಎಳೆದ್ರೆ ಭುಜ ಜಾರತ್ತೆ. ಆಯಾಗೆ ಕಲಿಸಿದೀನಿ, ಅವ್ರು ಮಾಡಿಸ್ತಾರೆ” ಎಂದ.

ಆಯಾ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಅಲ್ಲ. ಸೊಂಟದಲ್ಲಿ ಬೀಗದ ಕೈಗೊಂಚಲು, ನಡೆದರೆ ಝಣಝಣ. ಅವಳಿಗೆ ನಾನಿಟ್ಟ ಹೆಸರು ಪಟ್ಟದರಸಿ. ಈ ವಾರ್ಡಿನಲ್ಲಿ ಮಂಚಕ್ಕಿಂತ ಸ್ಟೂಲು ಕಡಿಮೆ, ಅವನ್ನು ಹಂಚುವವಳು ಅವಳೇ. ಯಾರ ಮಂಚದ ಪಕ್ಕ ಸ್ಟೂಲು ಇದೆಯೋ ಅವರು ಅವಳ ಕೈ ಬಿಸಿ ಮಾಡಿದ್ದಾರೆ ಎಂದರ್ಥ. ನಾನು ಬೆಳಗಿನ ಭೇಟಿಯ ಹೊತ್ತು ಪೂರ್ತಿ ನಿಂತೇ ಇದ್ದೆ.

“ಏನಮ್ಮ, ನಮ್ಮನ್ನೂ ಸ್ವಲ್ಪ ನೋಡ್ಕೊಳ್ಳಿ” ಎಂದಳು.

“ನೋಡ್ತಾನೇ ಇದೀನಲ್ರೀ, ಬಂದಾಗಿಂದ. ನೀವು ಕೆಲಸ ಮಾಡೋದು ಮಾತ್ರ ಕಾಣಿಸ್ತಿಲ್ಲ.”

“ಕಾಫಿಗೆ ಅಂತ ಕೇಳಿದ್ದು.”

“ಕ್ಯಾಂಟೀನು ಕೆಳಗಡೆ ಇದೆ.”

ಪಕ್ಕದ ಮಂಚದ ತಾತ ನಗಲು ಹೋಗಿ ಕೆಮ್ಮು ಹತ್ತಿಸಿಕೊಂಡ. ನನಗೆ ಬಹಳ ಸಮಾಧಾನವಾಯಿತು.

ಮಾರ್ಚ್ ೪

ಒಂದು ಮಾತು ಬರೆದಿಡುತ್ತೇನೆ, ನಾಳೆ ನಾನೇ ಮೆತ್ತಗಾದರೆ ಓದಿಕೊಳ್ಳಲಿಕ್ಕೆ. ಕೆಲಸ ಆದ ಮೇಲೆ ಸಂತೋಷಕ್ಕೆ ಕೊಟ್ಟರೆ ಅದು ಟಿಪ್ಸು. ಕೆಲಸ ಆಗಲಿ ಎಂದು ಮೊದಲೇ ಕೊಟ್ಟರೆ ಅದು ಲಂಚ. ನನ್ನ ಕೌಂಟರಿನಲ್ಲಿ ಒಬ್ಬನ ಕೈಯಿಂದಲೂ ನಾನು ಒಂದು ಚಾಕೊಲೇಟು ತೆಗೆದುಕೊಂಡವಳಲ್ಲ. ಹಾಗಾಗಿ ಕೊಡುವವಳೂ ಅಲ್ಲ.

ಇನ್ನೊಂದೂ ಇದೆ. ಅಪ್ಪ ಹೋಟೆಲಿನಲ್ಲಿ ಸಪ್ಲೈಯರು. ಕೂದಲು ಬೆಳ್ಳಗಾಗುವವರೆಗೆ ಅದೇ ಕೆಲಸ. ಸಂಬಳ ಬಾಡಿಗೆಗೆ ಹೋದರೆ ನಮ್ಮ ಪುಸ್ತಕ, ಚಪ್ಪಲಿ, ಅಮ್ಮನ ಔಷಧ ಎಲ್ಲವೂ ಟಿಪ್ಸಿನಲ್ಲಿ. ಚಿಕ್ಕವಳಿದ್ದಾಗ ಒಂದು ಸಲ ಮನೆ ಬೀಗದ ಕೈ ತರಲು ಹೋಟೆಲಿಗೆ ಹೋಗಿದ್ದೆ. ಗಿರಾಕಿಯೊಬ್ಬ ಎದ್ದವನು ನಾಣ್ಯವನ್ನು ಮೇಜಿನ ಮೇಲೆ ಚೆಲ್ಲಿದ್ದ ನೀರಿನೊಳಕ್ಕೇ ಹಾಕಿ ಹೋದ. ಅಪ್ಪ ಮೇಜು ಒರೆಸುವ ಬಟ್ಟೆಯಿಂದ ಅದನ್ನು ಎತ್ತಿ, ಒರೆಸಿ, ಜೇಬಿಗೆ ಹಾಕಿಕೊಂಡು, ಅವನ ಬೆನ್ನಿಗೆ ನಮಸ್ಕಾರ ಮಾಡಿದರು. ಆ ಬೆನ್ನನ್ನು ನಾನು ಇವತ್ತಿಗೂ ಒದೆಯಬಲ್ಲೆ. ಯಾರ ಕೈಯನ್ನೂ ಆ ಸ್ಥಿತಿಗೆ ತರುವವಳು ನಾನಲ್ಲ.

ಮಾರ್ಚ್ ೬

ಸಂಜೆ ಹೋದಾಗ ಅಪ್ಪನ ಬಲಗೈ ಅವರ ಮೈ ಕೆಳಗೇ ಸಿಕ್ಕಿಕೊಂಡಿತ್ತು. ಎಷ್ಟು ಹೊತ್ತಿನಿಂದಲೋ. ಹೊರಗೆ ಎಳೆದರೆ ಬೆರಳುಗಳು ಊದಿಕೊಂಡು ತಣ್ಣಗಿದ್ದವು. ಹಾಸಿಗೆ ಒದ್ದೆ. ಅಪ್ಪ ನನ್ನ ಮುಖ ನೋಡಲಿಲ್ಲ, ಒದ್ದೆ ಹಾಸಿಗೆಯಲ್ಲಿ ಮಲಗಿದ ತಂದೆ ಮಗಳ ಮುಖ ಹೇಗೆ ನೋಡಿಯಾರು?

“ಏನ್ರೀ, ಮೂರು ಹೊತ್ತು ಕೈ ಆಡಿಸ್ಬೇಕು ಅಂದಿದಾರೆ. ಒಂದು ಹೊತ್ತಾದ್ರೂ ಆಡಿಸಿದ್ರಾ?”

ಪಟ್ಟದರಸಿ ಬಕೆಟ್ಟು ಕೆಳಗಿಟ್ಟಳು. “ಇಷ್ಟು ಮಂಚ ಕಾಣಿಸ್ತಿದೆಯಲ್ಲ ನಿಮಗೆ? ಎಲ್ಲರ್ದೂ ಒರೆಸ್ಬೇಕು, ತಿರುಗಿಸ್ಬೇಕು, ತಿನ್ನಿಸ್ಬೇಕು. ನನಗಿರೋದೂ ಎರಡೇ ಕೈ ಕಣಮ್ಮ.”

“ಆ ಎರಡು ಕೈಗೂ ಸಂಬಳ ಬರತ್ತಲ್ಲ?”

“ಬರತ್ತೆ. ಕಂಟ್ರಾಕ್ಟರು ತಿಂದು ಮೂತಿ ಒರೆಸ್ಕೊಂಡಾದ ಮೇಲೆ ಬರತ್ತೆ. ಬೇಕಾದ್ರೆ ಒಂದು ತಿಂಗಳು ನನ್ನ ಸಂಬಳ ನೀವು ತಗೊಳ್ಳಿ, ನಿಮ್ಮ ಸಂಬಳ ನನಗೆ ಕೊಡಿ.”

ಹೆಡ್ ಸಿಸ್ಟರ್ ಹತ್ತಿರ ಹೋಗಿ ದೂರು ಕೊಟ್ಟೆ. ಆಕೆ ಕನ್ನಡಕದ ಮೇಲಿಂದ ನೋಡಿ, “ಹೇಳ್ತೀನಿ” ಎಂದರು. ನಮ್ಮ ಆಫೀಸಿನಲ್ಲಿ ನಾನು ದಿನಕ್ಕೆ ನೂರು ಸಲ ಹೇಳುವ ‘ಹೇಳ್ತೀನಿ’ ಅದು. ಅದರ ಬೆಲೆ ನನಗೆ ಗೊತ್ತಿಲ್ಲವೇ?

ಮಾರ್ಚ್ ೭

ಅಣ್ಣ ಬಂದಿದ್ದ. ವರ್ಷಕ್ಕೊಮ್ಮೆ ಬರುವ ಮಹಾಶಯ, ಬಂದವನೇ ಪಟ್ಟದರಸಿಯ ಕೈ ಕುಲುಕಿದ. ಆಯಾಳ ಕೈ ಕುಲುಕುವವರು ಲೋಕದಲ್ಲಿ ಯಾರಿದ್ದಾರೆ? ಕುಲುಕಿದ ಕೈ ಬಿಡಿಸಿಕೊಂಡು ಅವಳು ನೇರ ಸೆರಗಿಗೆ ಗಂಟು ಹಾಕಿಕೊಂಡಳು. ಎರಡು ನಿಮಿಷದಲ್ಲಿ ಸ್ಟೂಲು ಬಂತು. ಹೊಸ ಬೆಡ್‌ಶೀಟು ಬಂತು. ದಿಂಬು ಕೂಡ ಬಂತು.

“ಕೂತ್ಕೊಳ್ಳೇ” ಎಂದ ಅಣ್ಣ.

“ನೀನು ಕೊಂಡುಕೊಂಡಿದ್ದು, ನೀನೇ ಕೂತ್ಕೋ.”

“ಅಪ್ಪನ ಕೈ ಮುಖ್ಯನೋ ನಿನ್ನ ಹಟ ಮುಖ್ಯನೋ?”

“ನಿನಗೇನಪ್ಪ, ಕೊಟ್ಟು ಹೋಗ್ತೀಯ. ನಾಳೆಯಿಂದ ಅವಳ ಮೂತಿ ನೋಡೋಳು ನಾನು.”

ಅವನೂ ಕೂರಲಿಲ್ಲ, ನಾನೂ ಕೂರಲಿಲ್ಲ. ನಡುವೆ ಸ್ಟೂಲು ಖಾಲಿ. ಕೊನೆಗೆ ಅಪ್ಪ ಎಡಗೈಯಲ್ಲಿ ಅದನ್ನು ಪಕ್ಕದ ಮಂಚದ ಕಡೆ ತಳ್ಳಿದರು. ತಾತನ ಹೆಂಡತಿ, ಪಾಪ, ಅಲ್ಲಿಯವರೆಗೂ ಗೋಡೆಗೆ ಒರಗಿ ನಿಂತಿದ್ದ ಅಜ್ಜಿ, ಸ್ಟೂಲಿನ ತುದಿಯಲ್ಲಿ ಕೂತಿತು. ಅಪ್ಪನ ಬುದ್ಧಿಯೇ ಹಾಗೆ, ಎಲ್ಲಿ ಹೋದರೂ ಮೊದಲು ಗಿರಾಕಿಗಳನ್ನು ಕೂರಿಸಬೇಕು.

ಮಾರ್ಚ್ ೧೦

ಮೂರು ದಿನ ಅಪ್ಪನಿಗೆ ರಾಜೋಪಚಾರ. ಗಡ್ಡ ತೆಗೆದಿದ್ದಳು, ಎಣ್ಣೆ ಹಚ್ಚಿ ಕೈ ಆಡಿಸಿದ್ದಳು. ಇವತ್ತು ಎಲ್ಲ ನಿಂತುಹೋಯಿತು. ಅಣ್ಣನ ಕೈಕುಲುಕಿನ ವಾಯಿದೆ ಮುಗಿದಿರಬೇಕು.

ಡ್ರಿಲ್ ಮೇಷ್ಟ್ರು ಬಂದು ಬೆರಳು ಬಿಡಿಸಿ ನೋಡಿದ. “ಮೊನ್ನೆ ಚೆನ್ನಾಗಿತ್ತಲ್ಲ? ಬಿಗೀತಾ ಇದೆ. ಹೀಗೆ ಬಿಟ್ರೆ ಮುಷ್ಟಿ ಹಾಗೇ ಮಡಚ್ಕೊಂಡುಬಿಡತ್ತೆ ಮೇಡಂ” ಎಂದ. ಹೇಳಿದ್ದು ನನಗೆ. ನಾನೇ ತಪ್ಪು ಮಾಡಿದವಳ ಹಾಗೆ.

ಮನೆಗೆ ಬಂದು ಮಾರ್ಚ್ ೪ರದು ಓದಿಕೊಂಡೆ. ಚೆನ್ನಾಗಿ ಬರೆದಿದ್ದೇನೆ. ಮುಷ್ಟಿಯ ಬಗ್ಗೆ ಅದರಲ್ಲಿ ಏನೂ ಇಲ್ಲ.

ಮಾರ್ಚ್ ೧೧

ಕೊಟ್ಟೆ.

ಮಾರ್ಚ್ ೧೩

ಕೊಡುವುದಕ್ಕೂ ಒಂದು ವಿದ್ಯೆ ಬೇಕು ಎಂದು ಯಾರಿಗೆ ಗೊತ್ತಿತ್ತು? ಮೊನ್ನೆ ನಾನು ಎಲ್ಲರೆದುರೇ ನೋಟು ಚಾಚಿದೆ. ಕದ್ದುಮುಚ್ಚಿ ಕೊಡಲು ನಾನೇನು ಕಳ್ಳಿಯೇ? ಪಟ್ಟದರಸಿ ನೋಟಿನ ಕಡೆ ಕಣ್ಣೂ ಹಾಯಿಸದೆ ಮುಂದೆ ಹೋದಳು. ಚಾಚಿದ ಕೈ ಚಾಚಿದ ಹಾಗೇ ಉಳಿಯಿತು. ಕೊನೆಯ ಮಂಚದವರೆಗೂ ಎಲ್ಲರೂ ನೋಡಿದರು.

ಆಮೇಲೆ ಬಟ್ಟೆ ಒಗೆಯುವ ಮೂಲೆಗೆ ಕರೆದು ನನಗೆ ಪಾಠ ಹೇಳಿದಳು. “ಎಲ್ಲರ ಮುಂದೆ ಕೊಟ್ರೆ ಭಿಕ್ಷೆ ಆಗತ್ತೆ ಅಕ್ಕ. ಮಡಿಚಿ ಸೋಪಿನ ಡಬ್ಬಿ ಕೆಳಗಿಡಿ. ನೀವು ಇಟ್ಟಿದ್ದು ನೀವು ಮರೀರಿ, ನಾನು ತಗೊಂಡಿದ್ದು ನಾನು ಮರೀತೀನಿ.”

ಅಂದರೆ ಮರ್ಯಾದೆ ಬೇರೆ ಬೇಕು ರಾಣಿಗೆ! ‘ಏನಮ್ಮ’ ಹೋಗಿ ‘ಅಕ್ಕ’ ಆಗಿದ್ದೇನೆ, ಅದೊಂದು ಬಡ್ತಿ.

ಆದರೆ ಬರೆಯಲೇಬೇಕು, ಇವತ್ತು ಅಪ್ಪನ ಕಿರುಬೆರಳು ಅಲುಗಿತು. ನಿಜವಾಗಿ ಅಲುಗಿತು. ಪಟ್ಟದರಸಿ ಅಂಗೈಯಲ್ಲಿ ಅವರ ಮಣಿಕಟ್ಟು ಇಟ್ಟುಕೊಂಡು, “ಯಜಮಾನ್ರೇ, ನನ್ನ ಬೆರಳು ಒತ್ತಿ ನೋಡೋಣ” ಎಂದು ಮಗುವನ್ನು ಆಡಿಸಿದ ಹಾಗೆ ಆಡಿಸುತ್ತಿದ್ದಳು. ನನಗೆ ಅಳು ಬಂತು. ಅವಳ ಎದುರು ಅಳಬಾರದೆಂದು ಕಿಟಕಿಗೆ ಮುಖ ಮಾಡಿ ನಿಂತೆ.

ಡ್ರಿಲ್ ಮೇಷ್ಟ್ರು ಹೊಸ ಉಪಾಯ ಹೇಳಿದ. ಅಪ್ಪ ಎಲ್ಲದಕ್ಕೂ ಎಡಗೈ ಚಾಚುವುದರಿಂದ ಬಲಗೈ ಸೋಮಾರಿಯಾಗುತ್ತದಂತೆ. ಹಗಲಲ್ಲಿ ಒಂದೆರಡು ಗಂಟೆ ಎಡಗೈಗೆ ಬಟ್ಟೆಚೀಲ ಹಾಕಿ ಕಟ್ಟಿಬಿಡಿ ಎಂದ. ಕಟ್ಟಿಸಿದೆ.

ಮಾರ್ಚ್ ೧೬

ಈಗ ನನಗೂ ಹದ ಸಿಕ್ಕಿದೆ. ದಿಂಬಿನ ಕವರು ಬದಲಾಯಿಸದ ದಿನ ಸೋಪಿನ ಡಬ್ಬಿ ಕೆಳಗೆ ಏನೂ ಇಲ್ಲ. ಬದಲಾಯಿಸಿದ ದಿನ ಇದೆ. ಮೊದಲು ಕೆಲಸ, ಆಮೇಲೆ ಕಾಸು, ಅಂದರೆ ಇದು ಟಿಪ್ಸೇ ಹೊರತು ಲಂಚವಲ್ಲ. ನನ್ನ ಮಾತಿಗೆ ನಾನು ತಪ್ಪಿಲ್ಲ. ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತಾರೆ, ಕಜ್ಜಾಯ ಬೆಂದಿದೆಯೇ ಇಲ್ಲವೇ ಎಂದು ಮುರಿದು ನೋಡುವುದರಲ್ಲಿ ತಪ್ಪೇನು?

ಎರಡು ಸ್ಟೂಲು ಬಂದಿವೆ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಬ್ಯಾಗು. ಆಸ್ಪತ್ರೆಯ ನೆಲದ ಮೇಲೆ ಬ್ಯಾಗು ಇಡುವುದಕ್ಕಾಗುತ್ತದೆಯೇ, ಎಷ್ಟು ಕ್ರಿಮಿಯೋ. ಅಜ್ಜಿ ತನ್ನ ಬಟ್ಟೆಗಂಟಿನ ಮೇಲೆ ಕೂತು ತಾತನ ಕಾಲು ಒತ್ತುತ್ತಿತ್ತು.

ಅಜ್ಜಿಯೂ ಪಟ್ಟದರಸಿಯನ್ನು ಒಲಿಸಿಕೊಳ್ಳಲು ನೋಡಿತು. ಏನು ಕೊಟ್ಟು? ಅರ್ಧ ಪೊಟ್ಟಣ ಬಿಸ್ಕತ್ತು! ಪಟ್ಟದರಸಿ ಒಂದು ತಿಂದು ಉಳಿದದ್ದನ್ನು ವಾಪಸು ಕೊಟ್ಟಳು. “ಇಟ್ಕೊಳ್ಳಜ್ಜಿ, ತಾತನಿಗಾಗತ್ತೆ” ಎಂದಳು. ನನಗೆ ನಗು ತಡೆಯಲಾಗಲಿಲ್ಲ.

ಅಜ್ಜಿ ನನ್ನ ಕಡೆ ತಿರುಗಿ, “ನಿಮ್ಮಪ್ಪ ಪುಣ್ಯವಂತ ಕಣವ್ವ, ನಿನ್ನಂಥ ಮಗಳನ್ನ ಪಡೆದಿದಾನೆ” ಎಂದಿತು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಕಿಟಕಿಯಿಂದ ಗಾಳಿ ಬಡಿಯುತ್ತಿರಬೇಕು ಎಂದು ಪಟ್ಟದರಸಿಗೆ ಹೇಳಿ ಕಿಟಕಿ ಮುಚ್ಚಿಸಿದೆ. ತಾತನಿಗೆ ಗಾಳಿ ಇಲ್ಲದಿದ್ದರೆ ಕೆಮ್ಮು ಹೆಚ್ಚಂತೆ. ಎತ್ತು ಏರಿಗೆ, ಕೋಣ ನೀರಿಗೆ. ಒಂದು ವಾರ್ಡಿನಲ್ಲಿ ಎಲ್ಲರಿಗೂ ಬೇಕಾದಂತೆ ಗಾಳಿ ಬೀಸುವುದಕ್ಕಾಗುತ್ತದೆಯೇ?

ಮಾರ್ಚ್ ೧೯

ಬಾಗಿಲ ಪಕ್ಕದ ಮಂಚಕ್ಕೆ ಹೊಸ ರೋಗಿ. ಅವನ ಅಳಿಯ ಮೂರು ಉಂಗುರದವನು, ಬಂದ ಹೊತ್ತಿಗೇ ಪಟ್ಟದರಸಿಯನ್ನು ಕೊಂಡುಕೊಂಡ. ಬೆಳಗಿನಿಂದ ಅವಳು ಅಲ್ಲೇ ಠಿಕಾಣಿ. ಅಪ್ಪನ ಕೈ ಆಡಿಸಿದ್ದು ಒಂದೇ ಹೊತ್ತು, ಅದೂ ಕಾಟಾಚಾರಕ್ಕೆ.

ಸಂಜೆ ಸೋಪಿನ ಡಬ್ಬಿಯ ಶಾಸ್ತ್ರ ಎಲ್ಲ ಬಿಟ್ಟು, ಊಟದ ತಟ್ಟೆ ಇಡುವ ಮೇಜಿನ ಮೇಲೆ ಅವಳಿಗೆ ಕಾಣುವ ಹಾಗೆ ನೋಟು ಎಸೆದೆ. ಮೂರು ಉಂಗುರಕ್ಕಿಂತ ಒಂದು ಕೈ ಮೇಲು. ಮೇಜಿನ ಮೇಲೆ ಚೆಲ್ಲಿದ್ದ ಹಾಲಿಗೆ ಅಂಟಿಕೊಂಡಿತು. ಅವಳು ಬಂದಳು, ಒರೆಸುವ ಬಟ್ಟೆಯಿಂದ ನೋಟು ಎತ್ತಿದಳು. ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೇಡವೆನ್ನಲು ಬಾಯಿ ಎಲ್ಲಿಂದ ಬರಬೇಕು?

ಆಮೇಲೆ ಅಪ್ಪನಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಲು ಹೋದೆ. ತುಟಿ ಬಿಗಿದುಬಿಟ್ಟರು. ಎಷ್ಟು ಪುಸಲಾಯಿಸಿದರೂ ಇಲ್ಲ. ಚಮಚವನ್ನು ಎಡಗೈಯಿಂದ ತಳ್ಳಿದರು, ನನ್ನ ಸೀರೆಯೆಲ್ಲ ಹಾಲು. ಆ ಕೈಗೆ ಚೀಲ ಕಟ್ಟಿಸಿದೆ, ಇನ್ನು ಮೇಲೆ ಭೇಟಿಯ ಹೊತ್ತಿನಲ್ಲೂ ಕಟ್ಟಿರಲಿ ಎಂದು ಹೇಳಿದೆ. ಪಟ್ಟದರಸಿ ಚಮಚ ಹಿಡಿದರೆ ಬಾಯಿ ತೆರೆದರು! ಕಾಸಿನ ಮಹಿಮೆ ರೋಗಿಯ ಬಾಯಿಯವರೆಗೂ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಪಾರ್ಶ್ವವಾಯು ಆದವರಿಗೆ ಹಟ ಹೆಚ್ಚುತ್ತದಂತೆ, ಡಾಕ್ಟರೇ ಹೇಳಿದ್ದಾರೆ. ಆದರೂ ಮನೆಗೆ ಬಂದು ಸೀರೆ ಒಗೆಯುವಾಗ ಬಹಳ ನೋವಾಯಿತು.

ಮಾರ್ಚ್ ೨೧

ಇಂದು ಮಣಿಕಟ್ಟು ಸ್ವಲ್ಪ ಮೇಲೆದ್ದಿತು. ಡ್ರಿಲ್ ಮೇಷ್ಟ್ರು ಭೇಷ್ ಎಂದ. “ಈ ವಾರ ಬಿಡಲೇಬೇಡಿ” ಎಂದ. ನಾನು ಬಿಡುವವಳೇ? ಪಟ್ಟದರಸಿ ಎಲ್ಲಿದ್ದರೂ ಚಿಟಿಕೆ ಹೊಡೆದರೆ ಬರುತ್ತಾಳೆ ಈಗ. ಆ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಚಿಟಿಕೆ ಕೇಳಿಸುತ್ತದೆ.

ಮಾರ್ಚ್ ೨೩

ತಾತ ಬಿದ್ದುಬಿಟ್ಟ.

ಆದದ್ದು ಆದ ಹಾಗೆ ಬರೆಯುತ್ತೇನೆ. ಸಂಜೆಯ ಭೇಟಿಯ ಹೊತ್ತು. ಅಜ್ಜಿ ಬಿಸಿನೀರು ತರಲು ಕೆಳಗೆ ಹೋಗಿತ್ತು. ತಾತ, “ಆಯಾ, ಆಯಾ, ಅವಸರ” ಎಂದು ಕರೆಯುತ್ತಿದ್ದ. ಆ ತಾತ ಯಾವಾಗಲೂ ಏನಾದರೂ ಕರೆಯುತ್ತಲೇ ಇರುತ್ತಾನೆ. ಪಟ್ಟದರಸಿ ಬೆಡ್‌ಪ್ಯಾನ್ ಹಿಡಿದು ಬರುತ್ತಿದ್ದಳು. ನಾನು ಚಿಟಿಕೆ ಹೊಡೆದೆ.

“ಏಯ್, ಬಾ ಇಲ್ಲಿ. ಸಂಜೆ ಕೈ ಆಡಿಸೋದು ಬಾಕಿ ಇದೆ. ಭೇಟಿ ಹೊತ್ತು ಮುಗಿಯೋದ್ರೊಳಗೆ ನಾನು ನೋಡ್ಬೇಕು.”

“ತಾತ ಕರೀತಿದಾನೆ ಅಕ್ಕ. ಇದೊಂದು ಕೊಟ್ಟು ಬಂದೆ.”

“ಅವನು ಕಾಯಲಿ. ಬೆಳಗ್ಗೆ ಅಷ್ಟು ಕೊಟ್ಟಿದ್ದು ನಿನ್ನನ್ನ ಕಾಯೋದಕ್ಕಾ?”

ಅವಳು ಒಂದು ಸಲ ಆ ಕಡೆ ನೋಡಿದಳು, ಒಂದು ಸಲ ಈ ಕಡೆ. ಬೆಡ್‌ಪ್ಯಾನನ್ನು ಅಪ್ಪನ ಮಂಚದ ಕೆಳಗಿಟ್ಟು ಕೈ ಹಿಡಿದುಕೊಂಡಳು. ಅಪ್ಪ ಗಂಟಲಲ್ಲಿ ಗೊರಗೊರ ಮಾಡಿದರು, ತಲೆ ಆಡಿಸಿದರು. ನೋವಾಗುತ್ತಿದೆ ಎಂದುಕೊಂಡು, “ಮೆಲ್ಲಗೆ” ಎಂದೆ ಅವಳಿಗೆ.

ಮರ ಬಿದ್ದ ಹಾಗೆ ಶಬ್ದವಾಯಿತು. ತಾತ ತಾನೇ ಇಳಿಯಲು ಹೋಗಿದ್ದ. ಸೊಂಟದ ಮೂಳೆ ಮುರಿದಿದೆಯಂತೆ. ಬಿಸಿನೀರಿನ ಫ್ಲಾಸ್ಕು ಹಿಡಿದುಕೊಂಡು ಬಂದ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟಿತು.

ಮಂಚಕ್ಕೆ ಅಡ್ಡಪಟ್ಟಿ ಹಾಕದ್ದು ಆಸ್ಪತ್ರೆಯ ತಪ್ಪು. ಒಬ್ಬಳೇ ಆಯಾಳನ್ನು ಇಟ್ಟದ್ದು ಕಂಟ್ರಾಕ್ಟರನ ತಪ್ಪು. ಕಾಯದೆ ಇಳಿದದ್ದು ತಾತನ ತಪ್ಪು.

ಮಾರ್ಚ್ ೨೪

ತನಿಖೆಯಂತೆ. ನಾಡಿದ್ದು ಹೆಡ್ ಸಿಸ್ಟರ್ ಎಲ್ಲರನ್ನೂ ಕೇಳುತ್ತಾರಂತೆ, ಆಯಾಳ ಕೆಲಸ ಇರುವುದು ಅನುಮಾನವಂತೆ. ಅವಳು ಗೇಟಿನ ಹತ್ತಿರ ನನಗಾಗಿ ಕಾದಿದ್ದಳು. ಬೀಗದ ಕೈಗೊಂಚಲು ಸೊಂಟದಲ್ಲಿರಲಿಲ್ಲ, ಇಸಿದುಕೊಂಡಿದ್ದಾರೆ. ಅದಿಲ್ಲದೆ ಅವಳು ಯಾರೋ ಎನ್ನುವಂತೆ ಕಂಡಳು.

“ಅಕ್ಕ, ಒಂದೇ ಒಂದು ಮಾತು ಹೇಳಿ. ನಾನೇ ಕರೆದೆ ಅಂತ. ದುಡ್ಡಿನ ವಿಷಯ ಬೇಡ. ನಮ್ಮಪ್ಪನಿಗೆ ಕೈ ನೋವಿತ್ತು, ನಾನೇ ಕರೆದೆ ಅಂದ್ರೆ ಸಾಕು.”

“ನಾನು ಕರೆದೆ ಸರಿ. ಬರಬೇಕೋ ಬೇಡ್ವೋ ಅನ್ನೋ ಬುದ್ಧಿ ನಿನಗಿರ್ಬೇಕಿತ್ತು.”

“ಬರದೇ ಇದ್ರೆ ಬಿಡ್ತಿದ್ರಾ ನೀವು?” ಅವಳ ದನಿ ಏರಿತು. “ಮೊದಲ ದಿನ ಕೊಡಲ್ಲ ಅಂದ್ರಲ್ಲ, ಅವತ್ತು ನಿಮ್ಮನ್ನ ಕಂಡ್ರೆ ಸಿಟ್ಟು ಬರ್ತಿತ್ತು, ಅಷ್ಟೇ. ಕೊಡೋದಕ್ಕೆ ಶುರು ಮಾಡಿದ ಮೇಲೆ ಹೆದರಿಕೆ ಆಗ್ತಿತ್ತು.”

ನೋಡಿ ನಾಲಿಗೆ! ತೆಗೆದುಕೊಂಡವಳಿಗೇ ಇಷ್ಟು. ನಾನು ಅವಳನ್ನು ದಾಟಿ ಒಳಗೆ ಹೋದೆ. ನಾನು ಹೌದೆಂದರೆ ಯಾಕೆ ಕರೆದಿರಿ, ಅವಳು ಯಾಕೆ ಬಂದಳು, ಎಲ್ಲ ಎಳೆಯುತ್ತಾರೆ. ನನ್ನ ಆಫೀಸಿನವರೆಗೂ ಹೋಗುತ್ತದೆ. ಅಪ್ಪನನ್ನು ಬೇರೆ ಕಡೆ ಸಾಗಿಸಿ ಎಂದರೆ? ಕೈ ಈಗ ತಾನೇ ಬರುತ್ತಿದೆ. ನಾನು ನೋಡಲಿಲ್ಲ ಎಂದುಬಿಡುತ್ತೇನೆ. ಕೈ ಚಾಚಿ ಬದುಕುವವರಿಗೆ ಒಂದಲ್ಲ ಒಂದು ದಿನ ಇದು ಇದ್ದದ್ದೇ.

ಬದಲಿ ಆಯಾ ಬಂದಿದ್ದಾಳೆ. ಕಡ್ಡಿಯಂತಿದ್ದಾಳೆ, ಕೈ ಹಿಡಿಯಲು ಬರುವುದಿಲ್ಲ. ಬಂದವಳು ಮೊದಲು ಕೇಳಿದ್ದು, “ಇಲ್ಲಿ ಸೋಪಿನ ಡಬ್ಬಿ ಯಾವುದು?”

ಮಾರ್ಚ್ ೨೬

ಬೆಳಗಿನ ರೌಂಡ್ಸಿನಲ್ಲೇ ಕೇಳಿದರು. ಬೇರೆ ಕೋಣೆಗೆ ಕರೆಯುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಅಪ್ಪನ ಮಂಚದ ಸುತ್ತಲೇ ನಿಂತರು. ಹೆಡ್ ಸಿಸ್ಟರ್, ಡಾಕ್ಟರು, ಡ್ರಿಲ್ ಮೇಷ್ಟ್ರು, ಆಪರೇಷನ್ನಿಗೆ ಸಾಗಿಸಿದ ತಾತನ ಖಾಲಿ ಮಂಚದ ಪಕ್ಕ ಅಜ್ಜಿ. ಪಟ್ಟದರಸಿ ಮನೆಯ ಸೀರೆಯಲ್ಲಿ ಬಂದಿದ್ದಳು. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು, ಎಡಗೈ ಚೀಲದಲ್ಲಿ.

ಮೊದಲು ನನ್ನನ್ನು ಕೇಳಿದರು. “ನಾನು ಅಪ್ಪನ ಮುಖ ಒರೆಸ್ತಾ ಇದ್ದೆ. ಶಬ್ದ ಕೇಳಿ ತಿರುಗಿದೆ. ಅದಕ್ಕೆ ಮುಂಚಿಂದು ಏನೂ ನೋಡ್ಲಿಲ್ಲ” ಎಂದೆ. ಕನ್ನಡಿಯ ಮುಂದೆ ಹೇಳಿಕೊಂಡು ಬಂದಿದ್ದೆ, ಎಲ್ಲೂ ತಡವರಿಸಲಿಲ್ಲ.

ಹೆಡ್ ಸಿಸ್ಟರ್ ಅವಳ ಕಡೆ ತಿರುಗಿದರು. “ತಾತ ಕರೀತಿದ್ದ ಅಂತ ಆ ಕಡೆ ಮಂಚದವರೆಲ್ಲ ಹೇಳ್ತಿದಾರೆ. ಕೈಯಲ್ಲಿ ಬೆಡ್‌ಪ್ಯಾನ್ ಇತ್ತು. ಎರಡು ಹೆಜ್ಜೆ ಮುಂದೆ ಹೋಗೋದು ಬಿಟ್ಟು ಇಲ್ಲಿ ಯಾಕೆ ನಿಂತೆ? ಯಾರು ಕರೆದ್ರು ನಿನ್ನ?”

ಪಟ್ಟದರಸಿ ನನ್ನನ್ನು ನೋಡಿದಳು. ನಾನು ಅಪ್ಪನ ಹೊದಿಕೆ ಸರಿಮಾಡಿದೆ. ಅವಳು ನನ್ನ ಹೆಸರೆತ್ತಿದರೆ ದುಡ್ಡು ತೆಗೆದುಕೊಂಡದ್ದು ತಾನೇ ಒಪ್ಪಿಕೊಂಡ ಹಾಗೆ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ಸೆರಗಿನ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

“ಕೇಳಿದ್ದು ನಿನ್ನನ್ನೇ. ಯಾರು ಕರೆದ್ರು?”

ಆಗ ಹೊದಿಕೆ ಎದ್ದಿತು.

ಮೊದಲು ಡ್ರಿಲ್ ಮೇಷ್ಟ್ರಿಗೆ ಕಂಡಿತು. “ತಡೀರಿ, ತಡೀರಿ” ಎಂದ. ಅಪ್ಪನ ಬಲಗೈ ಹೊದಿಕೆಯನ್ನು ಸರಿಸಿಕೊಂಡು ಮೇಲೆ ಬರುತ್ತಿತ್ತು. ಮಣಿಕಟ್ಟು ನಡುಗುತ್ತಿತ್ತು, ಅಪ್ಪನ ಹಣೆಯಲ್ಲಿ ನರ ಉಬ್ಬಿತ್ತು. ಮೂರು ಬೆರಳು ಮಡಚಿಕೊಂಡೇ ಇದ್ದವು. ತೋರುಬೆರಳು ಒಂದೇ ಬಿಡಿಸಿಕೊಂಡಿತು. ಅದು ನನ್ನ ಎದೆಗೆ ನೇರವಾಗಿ ನಿಂತಿತು.

“ಬಂತು! ಬಂತು ಡಾಕ್ಟ್ರೇ!” ಡ್ರಿಲ್ ಮೇಷ್ಟ್ರು ಚಪ್ಪಾಳೆ ತಟ್ಟಿದ. “ಮೇಡಂ ನೋಡಿದ್ರಾ? ಭುಜದಿಂದ ಎತ್ತಿದಾರೆ! ಇನ್ನೊಂದ್ಸಲ ಯಜಮಾನ್ರೇ, ಇನ್ನೊಂದೇ ಸಲ!”

ಕೈ ಬಿದ್ದಿತು. ಅಪ್ಪ ಉಸಿರು ಎಳೆದುಕೊಂಡು ಇನ್ನೊಂದು ಸಲ ಎತ್ತಿದರು. ಅದೇ ಬೆರಳು, ಅದೇ ಕಡೆ. ಹೆಡ್ ಸಿಸ್ಟರ್ ಕನ್ನಡಕ ತೆಗೆದರು. ಅಜ್ಜಿ ನನ್ನನ್ನೇ ನೋಡುತ್ತಿತ್ತು, ಪಟ್ಟದರಸಿ ನೆಲ ನೋಡುತ್ತಿದ್ದಳು. ಚಪ್ಪಾಳೆ ತಟ್ಟುತ್ತಿದ್ದವನು ಅವನೊಬ್ಬನೇ.

ನನಗೆ ಸಂತೋಷವಾಯಿತು ಎಂದು ಬರೆಯಬೇಕು. ಈ ತಿಂಗಳೆಲ್ಲ ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಪಾರ್ಶ್ವವಾಯುವಿನ ಕೈಗೆ ಗುರಿ ಎಲ್ಲಿರುತ್ತದೆ, ನಾನು ಎದುರಿಗಿದ್ದೆ ಎಂದು ನನ್ನ ಕಡೆ ಬಂದಿರಬೇಕು ಅಂದುಕೊಂಡೆ.

ಡ್ರಿಲ್ ಮೇಷ್ಟ್ರಿಗೂ ಅದನ್ನೇ ನೋಡಬೇಕಾಗಿತ್ತು. “ಪಕ್ಕಕ್ಕೂ ತಿರುಗತ್ತಾ ನೋಡೋಣ. ಮೇಡಂ, ನೀವು ಮೆಲ್ಲಗೆ ಮಂಚದ ಆ ಕಡೆಗೆ ನಡೀರಿ” ಎಂದು ನನ್ನ ಹೆಗಲು ಹಿಡಿದು ಸರಿಸಿದ. ಎಲ್ಲರೂ ನೋಡುತ್ತಿದ್ದರು, ಒಲ್ಲೆ ಎನ್ನುವುದು ಹೇಗೆ? ಕಂಬಿ ಹಿಡಿದುಕೊಂಡು ಅಪ್ಪನ ಕಾಲಿನ ಕಡೆಯಿಂದ ಒಂದೊಂದೇ ಹೆಜ್ಜೆ ಸುತ್ತಿ ಬಂದೆ.

ಬೆರಳು ನನ್ನ ಹಿಂದೆಯೇ ಬಂತು.